ವೈಡ್ ಲೆನ್ಸಿನಲ್ಲಿ ಮೂಲೆ ಮಸುಕು: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟ್‌ನಲ್ಲಿ ನಿಂತು 20 ಮಿ.ಮೀ. ಲೆನ್ಸಿನಲ್ಲಿ ಊರಿನ ಚಿತ್ರ ತೆಗೆದಿದ್ದೀರಿ ಅಂದುಕೊಳ್ಳಿ. ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/2.8 (ಈ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ನಡುಭಾಗದ ಕಟ್ಟಡಗಳ ಕಿಟಕಿ ಎಣಿಸಬಹುದು. ಎಡಕ್ಕೋ ಬಲಕ್ಕೋ ಸರಿಯುತ್ತ ಹೋದಂತೆ ಮನೆಗಳು ಒಂದಕ್ಕೊಂದು ಕಲಸಿಕೊಂಡಿವೆ. ಇಷ್ಟಾದರೆ ಲೆನ್ಸು ಕೆಟ್ಟಿದೆ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ಅದೇ ಚಿತ್ರದ ಕೆಳಮೂಲೆಯಲ್ಲಿ, ನಿಮ್ಮಿಂದ ನಾಲ್ಕೈದು ಮೀಟರ್ ಆಚೆಗಿರುವ ಲಂಟಾನ ಪೊದೆಯ ಎಲೆಯಂಚು ಎದ್ದು ಕಾಣುವಷ್ಟು ಶಾರ್ಪ್ ಆಗಿದೆ. ನೀವು ಫೋಕಸ್ ಮಾಡಿದ್ದು ಊರಿಗೆ. ಪೊದೆಗೆ ಫೋಕಸ್ ಸಿಕ್ಕಿದ್ದು ಹೇಗೆ?

ರೋಗದ ಗುರುತು ಇರುವುದು ಅಲ್ಲೇ. ಮೂಲೆ ಮಸುಕಾಗಿದೆ ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಮೂಲೆಯಲ್ಲಿ ಹತ್ತಿರದ್ದೋ ದೂರದ್ದೋ ಯಾವುದಾದರೂ ಒಂದು ವಸ್ತು ಶಾರ್ಪ್ ಆಗಿ ಬಂದಿದೆಯೆ? ಬಂದಿದ್ದರೆ ಲೆನ್ಸಿಗೆ ಆ ಮೂಲೆಯನ್ನು ಬಿಡಿಸುವ ಶಕ್ತಿ ಇದೆ, ಬೇರೆ ದೂರಕ್ಕೆ ಬಿಡಿಸುತ್ತಿದೆ ಅಷ್ಟೆ. ಯಾವ ದೂರದಲ್ಲೂ ಬರದಿದ್ದರೆ ಮಾತ್ರ ಬೇರೆ ಕಾಯಿಲೆ ಹುಡುಕಬೇಕು. ಮುಂದೆ ಬರೆದಿರುವ ಪರೀಕ್ಷೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಪಡೆಯುವ ದಾರಿಗಳು.

ಮೊದಲು ತಳ್ಳಿಹಾಕಬೇಕಾದವು

ಕೈ ಅಲುಗಿದರೆ ಇಡೀ ಫ್ರೇಮ್ ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ, ಮೂಲೆಗಳಷ್ಟೇ ಅಲ್ಲ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಹಿಡಿದಿದ್ದರೆ ಚಿತ್ರದ ಕಾಂಟ್ರಾಸ್ಟ್ ಒಟ್ಟಾರೆ ಕುಗ್ಗುತ್ತದೆ. ಅಗ್ಗದ ಫಿಲ್ಟರ್ ಹಾಕಿದ್ದರೆ ತೆಗೆದಿಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಮಂಡ್ಯದ ಕಡೆ ಚಳಿಗಾಲದ ಬೆಳಗ್ಗೆ ಗದ್ದೆಯ ಮೇಲಿನ ಮಂಜಿಗೆ ಆಲೆಮನೆ ಹೊಗೆ ಸೇರಿದಾಗ ದೂರದ ತೆಂಗಿನ ತೋಪು ಯಾವ ಲೆನ್ಸಿನಲ್ಲೂ ಬಿಡಿಸಿಕೊಳ್ಳುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುವಾಗಲೂ ಹಾಗೆಯೇ. ಪರೀಕ್ಷೆ ಮಾಡುವುದಾದರೆ ಮಳೆ ನಿಂತ ಮರುದಿನದ ಬೆಳಗ್ಗೆ ಒಳ್ಳೆಯದು.

ಮಸುಕು ಅಲ್ಲದ್ದನ್ನು ಮಸುಕು ಎಂದುಕೊಳ್ಳುವ ಸಂದರ್ಭಗಳೂ ಇವೆ. ಛತ್ರದ ಗ್ರೂಪ್ ಫೋಟೋದಲ್ಲಿ ತುದಿಯಲ್ಲಿ ನಿಂತವರ ಮುಖ ಅಗಲಕ್ಕೆ ಎಳೆದುಕೊಂಡಿದ್ದರೆ ಅದು ಅಗಲ ಕೋನವನ್ನು ಚಪ್ಪಟೆ ಸೆನ್ಸರಿನ ಮೇಲೆ ಹರಡುವ ಜ್ಯಾಮಿತಿಯ ಫಲ. ಎಷ್ಟು ದುಬಾರಿ ಲೆನ್ಸು ತಂದರೂ ಇರುತ್ತದೆ. ಇನ್ನೊಂದು, ಇವತ್ತಿನ ಅನೇಕ ವೈಡ್ ಲೆನ್ಸುಗಳಲ್ಲಿ ಗೆರೆ ಬಾಗುವ ದೋಷವನ್ನು ಕ್ಯಾಮೆರಾದ ಸಾಫ್ಟ್‌ವೇರ್ ತಿದ್ದುತ್ತದೆ. ತಿದ್ದುವಾಗ ಮೂಲೆಯ ಪಿಕ್ಸೆಲ್‌ಗಳನ್ನು ಹಿಗ್ಗಿಸುತ್ತದೆ, ಹಿಗ್ಗಿಸಿದ್ದು ಸ್ವಲ್ಪ ಮೆತ್ತಗಾಗುತ್ತದೆ. ಆದ್ದರಿಂದ ಪರೀಕ್ಷೆಗೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಫೈಲ್) ಬಳಸಿ, ಸಾಧ್ಯವಿದ್ದರೆ ತಿದ್ದುಪಡಿ ಆಫ್ ಮಾಡಿ ನೋಡಿ.

ಡೆಪ್ತ್ ಆಫ್ ಫೀಲ್ಡ್ ಟೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಫೋಕಸ್ ಮಾಡಿದ ದೂರದ ಹಿಂದೆ ಮುಂದೆ ಎಷ್ಟು ಜಾಗ ಶಾರ್ಪ್ ಆಗಿ ಕಾಣುತ್ತದೆ ಎಂಬುದೇ ಡೆಪ್ತ್ ಆಫ್ ಫೀಲ್ಡ್. ವೈಡ್ ಲೆನ್ಸ್ ಹಿಡಿದವರಿಗೆಲ್ಲ, ಎಷ್ಟು ಹತ್ತಿರಕ್ಕೆ ಫೋಕಸ್ ಮಾಡಿದರೂ ಅನಂತದವರೆಗೆ ಶಾರ್ಪ್ ಉಳಿಯುತ್ತದೆ ಎಂದು ತಿಳಿಸುವ ಹೈಪರ್‌ಫೋಕಲ್ ಲೆಕ್ಕ ಬಾಯಿಪಾಠ. ಫೋಕಲ್ ಲೆಂಗ್ತ್‌ನ ವರ್ಗವನ್ನು ಅಪರ್ಚರ್ ಸಂಖ್ಯೆ ಮತ್ತು ಒಪ್ಪಬಹುದಾದ ಮಸುಕಿನ ಚುಕ್ಕೆಯ ಅಗಲ, ಇವೆರಡರ ಗುಣಲಬ್ಧದಿಂದ ಭಾಗಿಸಿ. ಫುಲ್ ಫ್ರೇಮ್‌ಗೆ (35 ಮಿ.ಮೀ. ಫಿಲಂ ಅಳತೆಯ ಸೆನ್ಸರಿಗೆ) ಆ ಚುಕ್ಕೆಯನ್ನು 0.03 ಮಿ.ಮೀ. ಎಂದು ಹಿಡಿಯುವುದು ರೂಢಿ. 24 ಮಿ.ಮೀ. ಲೆನ್ಸು, ಎಫ್/8 ಆದರೆ 576ನ್ನು 0.24ರಿಂದ ಭಾಗಿಸಿ 2,400 ಮಿ.ಮೀ., ಅಂದರೆ 2.4 ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ 1.2 ಮೀಟರಿನಿಂದ ಅನಂತದವರೆಗೆ ಎಲ್ಲ ಶಾರ್ಪ್ ಎಂದು ಟೇಬಲ್ ಹೇಳುತ್ತದೆ. 16 ಮಿ.ಮೀ.ಗೆ ಇದೇ ಲೆಕ್ಕ ಹಾಕಿದರೆ ಒಂದು ಮೀಟರ್ ಚಿಲ್ಲರೆ ಬರುತ್ತದೆ. ಕೇಳಲು ಹಿತವಾಗಿದೆ.

ಈ 0.03 ಎಂಬ ಸಂಖ್ಯೆ ಬಂದಿದ್ದು ಫಿಲಂ ಕಾಲದಲ್ಲಿ, ಸುಮಾರು ಎಂಟು ಇಂಚು ಹತ್ತು ಇಂಚಿನ ಪ್ರಿಂಟನ್ನು ಕಣ್ಣಿನಿಂದ 25 ಸೆಂ.ಮೀ. ದೂರ ಹಿಡಿದು ನೋಡುವ ರೂಢಿಯಿಂದ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಅಗಲ ಸುಮಾರು 0.006 ಮಿ.ಮೀ. ಅಂದರೆ ಟೇಬಲ್ ಶಾರ್ಪ್ ಎಂದು ಕರೆಯುವ ಜಾಗದಲ್ಲಿ ಐದು ಪಿಕ್ಸೆಲ್ ಅಗಲದ ಮಸುಕು ಇರಬಹುದು. ಪ್ರಿಂಟಿನಲ್ಲಿ ಕಾಣದ್ದು ನೂರು ಪರ್ಸೆಂಟ್ ಜೂಮ್ ಮಾಡಿದಾಗ ಕಾಣುವುದು ಇದರಿಂದಲೇ. ನಾನು ಚುಕ್ಕೆಯನ್ನು 0.015 ಎಂದು ಹಿಡಿಯುತ್ತೇನೆ. ಆಗ 24 ಮಿ.ಮೀ., ಎಫ್/8ರ ಹೈಪರ್‌ಫೋಕಲ್ 4.8 ಮೀಟರ್ ಆಗುತ್ತದೆ. ಇಲ್ಲಿಗೇ ಅರ್ಧ ದೂರುಗಳು ಬಗೆಹರಿಯುತ್ತವೆ. ನಡುವೆಯೂ ದೂರದ ವಸ್ತುಗಳು ಮೆತ್ತಗಿದ್ದರೆ ಕಾರಣ ಇದು, ಲೆನ್ಸನ್ನು ದೂರಬೇಡಿ.

ಟೇಬಲ್ ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಶಾರ್ಪ್ ಆಗಿರುವ ಜಾಗ ಸೆನ್ಸರಿಗೆ ಸಮಾನಾಂತರವಾದ ಒಂದು ಚಪ್ಪಟೆ ಹಾಳೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತದೆ. ನಡುವಿನಲ್ಲಿ ಐದು ಮೀಟರಿಗೆ ಫೋಕಸ್ ಮಾಡಿದರೆ ಮೂಲೆಯಲ್ಲೂ ಐದು ಮೀಟರ್ ಆಳಕ್ಕೇ ಫೋಕಸ್ ಇರುತ್ತದೆ ಎಂಬ ನಂಬಿಕೆ ಅದು. ವೈಡ್ ಲೆನ್ಸುಗಳಲ್ಲಿ ಇದು ಹಲವು ಸಲ ಸುಳ್ಳಾಗುತ್ತದೆ.

ಬಾಗಿದ ಫೋಕಸ್

ಒಂದೇ ಗಾಜಿನ ಸಾಧಾರಣ ಲೆನ್ಸು ಚಪ್ಪಟೆ ಗೋಡೆಯ ಬಿಂಬವನ್ನು ಚಪ್ಪಟೆಯಾಗಿ ಮೂಡಿಸುವುದಿಲ್ಲ; ಅಂಚಿನ ಬಿಂಬ ಲೆನ್ಸಿನ ಕಡೆಗೆ ಬಾಗುತ್ತದೆ. ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ರೂಪಿಸಿದ ಪೋರ್ಟ್ರೇಟ್ ಲೆನ್ಸು ಆ ಕಾಲಕ್ಕೆ ಬಹಳ ಬೆಳಕು ಹಿಡಿಯುತ್ತಿತ್ತು, ಆದರೆ ಈ ಬಾಗು ಅದರಲ್ಲಿ ಢಾಳಾಗಿತ್ತು. ನಡುವೆ ಮುಖ ಮಾತ್ರ ಇರುವ ಚಿತ್ರಕ್ಕೆ ಅದರಿಂದ ತೊಂದರೆಯಿರಲಿಲ್ಲ. ಗಾಜಿನ ಪ್ರತಿ ಮೈಯೂ ಬಾಗಿಗೆ ಎಷ್ಟು ಕೊಡುಗೆ ಕೊಡುತ್ತದೆ ಎಂದು ಕೂಡಿಸುವ ಮೊತ್ತಕ್ಕೆ ಇವತ್ತಿಗೂ ಪೆಟ್ಸ್‌ವಾಲ್ ಮೊತ್ತ ಎಂದೇ ಹೆಸರು. ಬಾಗಿನ ಜೊತೆಗೆ ಅಸ್ಟಿಗ್ಮ್ಯಾಟಿಸಂ ಇರುತ್ತದೆ: ನಡುವಿನಿಂದ ಮೂಲೆಯತ್ತ ಹೋಗುವ ಗೆರೆಗಳಿಗೆ ಒಂದು ಫೋಕಸ್, ಅದಕ್ಕೆ ಅಡ್ಡಲಾದ ಗೆರೆಗಳಿಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ಹತೋಟಿಗೆ ತಂದ ಅನಾಸ್ಟಿಗ್ಮ್ಯಾಟ್ ಲೆನ್ಸನ್ನು ತ್ಸೈಸ್ ಕಂಪನಿಯ ಪೌಲ್ ರುಡಾಲ್ಫ್ 1890ರಲ್ಲಿ ತಂದರು.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕಿದ್ದರಿಂದ ವೈಡ್ ಲೆನ್ಸಿನ ಮುಂದೆ ದೊಡ್ಡ ನೆಗೆಟಿವ್ ಗಾಜು ಕೂರಿಸಿ ಬಿಂಬವನ್ನು ಹಿಂದಕ್ಕೆ ತಳ್ಳುವ ರೆಟ್ರೋಫೋಕಸ್ ವಿನ್ಯಾಸ ಬಂತು. 1950ರ ಆಂಜೆನ್ಯೂ 35 ಮಿ.ಮೀ. ಲೆನ್ಸಿನಿಂದಲೇ ಆ ಹೆಸರು ಬಳಕೆಗೆ ಬಂದಿದ್ದು. ನೆಗೆಟಿವ್ ಗಾಜು ಬಾಗನ್ನು ಇಳಿಸುತ್ತದೆ, ಆದರೆ ಪೂರ್ತಿ ಅಳಿಸುವುದಿಲ್ಲ. ವಿನ್ಯಾಸಕಾರರು ಬಾಗನ್ನೂ ಅಸ್ಟಿಗ್ಮ್ಯಾಟಿಸಂ ಅನ್ನೂ ಒಂದಕ್ಕೊಂದು ತೂಗಿಸಿ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಳ್ಳುತ್ತಾರೆ. ಆ ರಾಜಿಯ ಆಕಾರ ಲೆನ್ಸಿನಿಂದ ಲೆನ್ಸಿಗೆ ಬೇರೆ, ಜೂಮ್ ಆದರೆ ಫೋಕಲ್ ಲೆಂಗ್ತಿನಿಂದ ಫೋಕಲ್ ಲೆಂಗ್ತಿಗೂ ಬೇರೆ.

ಹೆಚ್ಚಾಗಿ ಸಿಗುವುದು ಒಳಬಾಗು. ಶಾರ್ಪ್ ಆಗಿರುವ ಜಾಗ ಬಾಯಿಯನ್ನು ಕ್ಯಾಮೆರಾದ ಕಡೆ ತಿರುಗಿಸಿಟ್ಟ ಬೋಗುಣಿಯಂತೆ ಇರುತ್ತದೆ: ತಳ ದೂರದಲ್ಲಿ, ಅಂಚು ನಿಮ್ಮ ಹತ್ತಿರ. ಬೆಟ್ಟದ ಮೇಲಿನ ಲಂಟಾನ ಪೊದೆಯ ರಹಸ್ಯ ಇದೇ.

ಎಷ್ಟು ಬಾಗಿದರೆ ಎಷ್ಟು ತೊಂದರೆ? ಸೆನ್ಸರಿನ ಮೂಲೆಯಲ್ಲಿ ಬಿಂಬ 0.1 ಮಿ.ಮೀ. ಮುಂದಕ್ಕೆ ಬಾಗಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಡುವೆ ಅನಂತಕ್ಕೆ ಫೋಕಸ್ ಇದ್ದಾಗ ಮೂಲೆ ಎಷ್ಟು ದೂರಕ್ಕೆ ಫೋಕಸ್ ಆಗಿರುತ್ತದೆ ಎಂದು ತಿಳಿಯಲು ಫೋಕಲ್ ಲೆಂಗ್ತಿನ ವರ್ಗವನ್ನು ಆ 0.1ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮೀಟರ್. 24ಕ್ಕೆ 5.8 ಮೀಟರ್. 20ಕ್ಕೆ 4 ಮೀಟರ್. 16ಕ್ಕೆ ಬರೀ 2.6 ಮೀಟರ್! ಬಾಗು ಅಷ್ಟೇ ಇದ್ದರೂ ಲೆನ್ಸು ಅಗಲವಾದಷ್ಟೂ ಮೂಲೆಯ ಫೋಕಸ್ ನಮ್ಮ ಕಾಲ ಬುಡಕ್ಕೆ ಬಂದುಬಿಡುತ್ತದೆ.

ಮಸುಕಿನ ಪ್ರಮಾಣ ಲೆಕ್ಕ ಹಾಕುವುದು ಇನ್ನೂ ಸುಲಭ. ಬಾಗನ್ನು ಅಪರ್ಚರ್ ಸಂಖ್ಯೆಯಿಂದ ಭಾಗಿಸಿ. 0.1 ಮಿ.ಮೀ. ಬಾಗು ಎಫ್/2.8ರಲ್ಲಿ 0.036 ಮಿ.ಮೀ., ಅಂದರೆ ಆರು ಪಿಕ್ಸೆಲ್. ಎಫ್/8ರಲ್ಲಿ ಎರಡು ಪಿಕ್ಸೆಲ್. ಅಪರ್ಚರ್ ಕಿರಿದು ಮಾಡಿದಾಗ ಮೂಲೆ ಚೇತರಿಸಿಕೊಳ್ಳುವುದು ಹೀಗೆ. ಬಾಗು ಎಲ್ಲೂ ಹೋಗಿಲ್ಲ, ಡೆಪ್ತ್ ಅದನ್ನು ಮುಚ್ಚಿಕೊಂಡಿದೆ.

ಈಗ ಹೈಪರ್‌ಫೋಕಲ್ ಮತ್ತು ಬಾಗನ್ನು ಕೂಡಿಸಿ ನೋಡಿ. 24 ಮಿ.ಮೀ., ಎಫ್/8, ನಡುವೆ 2.4 ಮೀಟರಿಗೆ ಫೋಕಸ್. ಟೇಬಲ್ ಪ್ರಕಾರ ಅನಂತದಲ್ಲಿ ಮಸುಕು ಸರಿಯಾಗಿ 0.03, ಒಪ್ಪಬಹುದಾದ ಗಡಿಯಲ್ಲಿದೆ. ಮೂಲೆಯಲ್ಲಿ ಬಾಗು ಸೇರಿ ಅದು 0.04 ದಾಟುತ್ತದೆ, ಏಳು ಪಿಕ್ಸೆಲ್. ಮೂಲೆಯ ನಿಜವಾದ ಫೋಕಸ್ 1.7 ಮೀಟರಿಗೆ ಬಂದು ಕೂತಿರುತ್ತದೆ. ಒಳಬಾಗಿನ ಲೆನ್ಸಿನಲ್ಲಿ ದೂರದ ದೃಶ್ಯ ತೆಗೆಯಲು ಹೈಪರ್‌ಫೋಕಲ್‌ನಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಎಷ್ಟು ಜನ ಗುರುಗಳು ಹೇಳಿಕೊಟ್ಟಿದ್ದರೂ ಸರಿ.

ಪರೀಕ್ಷೆ ಒಂದು: ದೂರದ ಟವರ್

ಅರ್ಧ ಕಿಲೋಮೀಟರ್ ಆಚೆ ಸಣ್ಣ ಸಣ್ಣ ಗೆರೆಗಳಿರುವ ಒಂದು ವಸ್ತು ಬೇಕು. ಮೊಬೈಲ್ ಟವರ್ ಆಗುತ್ತದೆ. ಮೈಸೂರಿನಲ್ಲಿ ತಾರಸಿ ಹತ್ತಿದರೆ ಸೇಂಟ್ ಫಿಲೋಮಿನಾ ಚರ್ಚಿನ ಗೋಪುರಗಳು ಬಹಳ ಕಡೆಯಿಂದ ಕಾಣುತ್ತವೆ, ಅವೂ ಒಳ್ಳೆಯ ಗುರಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಲೆನ್ಸಿನ ಸ್ಟೆಬಿಲೈಸರ್ ಆಫ್, ಅಪರ್ಚರ್ ಪೂರ್ತಿ ತೆರೆದಿರಲಿ. ಗುರಿಯನ್ನು ನಡುವೆ ಇಟ್ಟು ಲೈವ್ ವ್ಯೂನಲ್ಲಿ ಹಿಗ್ಗಿಸಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಲಾಕ್ ಮಾಡಿ. ಒಂದು ಚಿತ್ರ. ಆಮೇಲೆ ಫೋಕಸ್ ಮುಟ್ಟದೆ ಕ್ಯಾಮೆರಾ ತಿರುಗಿಸುತ್ತ ಅದೇ ಗುರಿಯನ್ನು ನಾಲ್ಕೂ ಮೂಲೆಗೆ ಒಂದೊಂದು ಸಲ ತನ್ನಿ. ನಾಲ್ಕು ಚಿತ್ರ. ಕೊನೆಗೆ ಪ್ರತಿ ಮೂಲೆಯಲ್ಲೂ ಆ ಮೂಲೆಗೇ ಹೊಸದಾಗಿ ಫೋಕಸ್ ಮಾಡಿ ಇನ್ನೊಂದು ಸುತ್ತು ತೆಗೆಯಿರಿ.

ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿದ್ದು, ಹೊಸದಾಗಿ ಫೋಕಸ್ ಮಾಡಿದಾಗ ನಾಲ್ಕೂ ಎದ್ದು ಬಂದರೆ ಅದು ಮೇಲೆ ಹೇಳಿದ ಬಾಗು, ಫೀಲ್ಡ್ ಕರ್ವೇಚರ್. ಲೆನ್ಸಿನ ಹುಟ್ಟುಗುಣ, ರಿಪೇರಿ ಇಲ್ಲ, ಅದರ ಜೊತೆ ಬಾಳುವ ಉಪಾಯ ಮುಂದಿದೆ. ಫೋಕಸ್ ರಿಂಗನ್ನು ಯಾವ ಕಡೆ ತಿರುಗಿಸಿದಾಗ ಮೂಲೆ ಸರಿಹೋಯಿತು ಎಂದು ಗುರುತು ಹಾಕಿಕೊಳ್ಳಿ. ಅನಂತದ ಗುರುತನ್ನೂ ದಾಟಿ ತಿರುಗಿಸಬೇಕಾಗಿ ಬಂದರೆ ಒಳಬಾಗು. ಹತ್ತಿರದ ಕಡೆಗೆ ತಿರುಗಿಸಬೇಕಾದರೆ ಹೊರಬಾಗು, ಅಂದರೆ ಅಂಚಿನ ಫೋಕಸ್ ನಡುವಿಗಿಂತ ದೂರಕ್ಕೆ ಹೋಗಿದೆ. ಹೊಸದಾಗಿ ಫೋಕಸ್ ಮಾಡಿದರೂ ನಾಲ್ಕೂ ಕಲಸಿಕೊಂಡೇ ಇದ್ದರೆ ಅಸ್ಟಿಗ್ಮ್ಯಾಟಿಸಂ, ಕೋಮಾದಂಥ (ಬೆಳಕಿನ ಚುಕ್ಕೆಗೆ ಬಾಲ ಬರುವುದು) ಬೇರೆ ದೋಷ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ, ಅಥವಾ ಎಡಗಡೆ ಸರಿಯಿದ್ದು ಬಲಗಡೆ ಇಡಿಯಾಗಿ ಜಾರಿದ್ದರೆ, ಒಳಗಿನ ಯಾವುದೋ ಗಾಜು ಓರೆಯಾಗಿದೆ ಅಥವಾ ಪಕ್ಕಕ್ಕೆ ಸರಿದಿದೆ. ಇದೇ ಡೀಸೆಂಟರಿಂಗ್.

ಪರೀಕ್ಷೆ ಎರಡು: ನೆಲ

ಬಾಗಿನ ಆಕಾರವನ್ನು ಕಣ್ಣಾರೆ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಚಪ್ಪಟೆಯಾದ, ಎಲ್ಲೆಲ್ಲೂ ಸಣ್ಣ ಚೂರುಗಳು ಒಂದೇ ಸಮ ಹರಡಿದ ನೆಲ ಬೇಕು. ಮಂಡ್ಯದ ಹಳ್ಳಿಗಳಲ್ಲಿ ಒಕ್ಕಣೆ ಮುಗಿದ ಕಣ ಹೇಳಿ ಮಾಡಿಸಿದ್ದು: ಮಟ್ಟಸ ನೆಲ, ಮೇಲೆ ಹುಲ್ಲಿನ ಚೂರು. ಮೈಸೂರಿನಲ್ಲಿ ಜಲ್ಲಿ ಹಾಕಿದ ಮೈದಾನವೋ ಬೆಳಗ್ಗೆ ಗಾಡಿ ಓಡಾಡದ ಟಾರು ರಸ್ತೆಯೋ ಸಾಕು. ಹುಲ್ಲುಹಾಸು ಬೇಡ, ಎತ್ತರ ತಗ್ಗು ಇರುತ್ತದೆ, ಗಾಳಿಗೆ ಅಲುಗುತ್ತದೆ.

ಟ್ರೈಪಾಡ್ ಎದೆಯೆತ್ತರಕ್ಕೆ ಇಟ್ಟು ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ. ಎಡ ಬಲ ಲೆವೆಲ್ ಇರಲೇಬೇಕು, ಇಲ್ಲದಿದ್ದರೆ ಮುಂದಿನ ಓದೆಲ್ಲ ತಪ್ಪುತ್ತದೆ. ಅಪರ್ಚರ್ ಪೂರ್ತಿ ತೆರೆದು, ಫ್ರೇಮಿನ ನಡುವೆ ಕಾಣುವ ನೆಲಕ್ಕೆ ಫೋಕಸ್ ಮಾಡಿ ತೆಗೆಯಿರಿ. ಕಂಪ್ಯೂಟರಿನಲ್ಲಿ ಫೋಟೋಶಾಪ್ ಇದ್ದರೆ ಫೈಂಡ್ ಎಡ್ಜಸ್, ಗಿಂಪ್ ಇದ್ದರೆ ಎಡ್ಜ್ ಡಿಟೆಕ್ಟ್ ಫಿಲ್ಟರ್ ಹಾಕಿದರೆ ಶಾರ್ಪ್ ಇರುವ ನೆಲವಷ್ಟೇ ಒಂದು ಪಟ್ಟಿಯಾಗಿ ಎದ್ದು ಬರುತ್ತದೆ.

ಪಟ್ಟಿ ನೇರ ಅಡ್ಡಗೆರೆಯಂತಿದ್ದರೆ ಆ ದೂರದಲ್ಲಿ ನಿಮ್ಮ ಲೆನ್ಸು ಚಪ್ಪಟೆ. ಎರಡೂ ತುದಿ ಕೆಳಕ್ಕೆ ಇಳಿದು ಕಮಾನಿನಂತಾಗಿದ್ದರೆ ಅಂಚಿನ ಫೋಕಸ್ ನಿಮ್ಮ ಹತ್ತಿರಕ್ಕೆ ಬಂದಿದೆ, ಒಳಬಾಗು. ತುದಿಗಳು ಮೇಲಕ್ಕೆ ಹೋಗಿದ್ದರೆ ಹೊರಬಾಗು. ಕೆಲವು ಲೆನ್ಸುಗಳಲ್ಲಿ ನಡುವಿನಿಂದ ಹೊರಟ ಪಟ್ಟಿ ಅರ್ಧದಾರಿಯಲ್ಲಿ ಇಳಿದು ಅಂಚಿನಲ್ಲಿ ಮತ್ತೆ ಏರಿ ಅಲೆಯಂತೆ ಕಾಣುತ್ತದೆ. ಈ ಅಲೆಯ ಲೆನ್ಸುಗಳೇ ಜನರನ್ನು ಹೆಚ್ಚು ಗೊಂದಲಕ್ಕೆ ಹಾಕುವುದು. ನಡು ಚೆನ್ನ, ಮೂಲೆ ಚೆನ್ನ, ಇವೆರಡರ ಮಧ್ಯೆ ಎಲ್ಲೋ ಒಂದು ಉಂಗುರದಷ್ಟು ಜಾಗ ಮಾತ್ರ ಮಂಕು. ಯಾರೂ ಹುಡುಕದ ಜಾಗ ಅದು. ಪಟ್ಟಿ ಬಾಗದೆ ಓರೆಯಾಗಿದ್ದರೆ, ಎಡ ತುದಿ ಮೇಲೆ, ಬಲ ತುದಿ ಕೆಳಗೆ ಇದ್ದರೆ, ಲೆವೆಲ್ ಇನ್ನೊಮ್ಮೆ ನೋಡಿ. ಲೆವೆಲ್ ಸರಿಯಿದ್ದೂ ಓರೆ ಇದ್ದರೆ ಅದು ಗಾಜಿನ ಓರೆ, ಮೌಂಟಿನ ಓರೆ ಅಥವಾ ಅಡಾಪ್ಟರಿನ ಓರೆ. ಹಳೆಯ ಲೆನ್ಸನ್ನು ಅಗ್ಗದ ಅಡಾಪ್ಟರಿನಲ್ಲಿ ಕೂರಿಸಿದವರು ಮೊದಲು ಅಡಾಪ್ಟರನ್ನೇ ಅನುಮಾನಿಸಿ. ಫಿಲಂ ಕಾಲದ ರೇಂಜ್‌ಫೈಂಡರ್ ವೈಡ್ ಲೆನ್ಸುಗಳಿಗೆ ಇನ್ನೊಂದು ಪೀಡೆ ಇದೆ: ಡಿಜಿಟಲ್ ಸೆನ್ಸರಿನ ಮೇಲಿರುವ ದಪ್ಪ ಗಾಜಿನೊಳಗೆ ಓರೆಯಾಗಿ ಬರುವ ಬೆಳಕು ಮೂಲೆಯಲ್ಲಿ ಕಲಸಿಕೊಳ್ಳುತ್ತದೆ. ಅದಕ್ಕೆ ಲೆನ್ಸೂ ಕಾರಣವಲ್ಲ, ಅಡಾಪ್ಟರೂ ಅಲ್ಲ.

ಇದೇ ಪರೀಕ್ಷೆಯನ್ನು ಒಂದು ಮೀಟರಿಗೂ ಹತ್ತು ಮೀಟರಿಗೂ ಬೇರೆ ಬೇರೆ ಮಾಡಬೇಕು, ಏಕೆಂದರೆ ಫೋಕಸ್ ಹತ್ತಿರ ತಂದಾಗ ಬಾಗು ಬದಲಾಗಬಹುದು. ನಿಕಾನ್ 1967ರಲ್ಲಿ ತಂದ 24 ಮಿ.ಮೀ. ಎಫ್/2.8 ಲೆನ್ಸಿನಲ್ಲಿ ಗಾಜಿನ ಗುಂಪುಗಳ ನಡುವಿನ ಅಂತರ ಫೋಕಸ್ ಜೊತೆಗೆ ಬದಲಾಗುವ ವ್ಯವಸ್ಥೆ ಮಾಡಿದ್ದು ಈ ತೊಂದರೆಗೇ.

ಗೋಡೆಯ ಪರೀಕ್ಷೆ ಯಾಕೆ ಹೇಳಲಿಲ್ಲ ಎಂದು ಕೆಲವರು ಕೇಳಬಹುದು. ಇಟ್ಟಿಗೆ ಗೋಡೆ ಸಿಕ್ಕಿದರೆ ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಕ್ಯಾಮೆರಾ ಗೋಡೆಗೆ ಕೂದಲೆಳೆಯಷ್ಟು ಓರೆಯಾದರೂ ಒಂದು ಪಕ್ಕ ಮಸುಕಾಗಿ, ಒಳ್ಳೆಯ ಲೆನ್ಸಿನ ಮೇಲೆ ಡೀಸೆಂಟರಿಂಗ್ ಆರೋಪ ಬರುತ್ತದೆ. ಗೋಡೆಯೇ ಬೇಕೆಂದರೆ ಎರಡು ಚಿತ್ರ ತೆಗೆಯಿರಿ: ಒಂದು ಮಾಮೂಲಿ, ಇನ್ನೊಂದು ಕ್ಯಾಮೆರಾವನ್ನು ತಲೆಕೆಳಗು ಮಾಡಿ. ಮಸುಕು ಎರಡರಲ್ಲೂ ಗೋಡೆಯ ಅದೇ ಇಟ್ಟಿಗೆಗಳ ಮೇಲೆ ಬಿದ್ದಿದ್ದರೆ ನೀವು ಓರೆ ನಿಂತಿದ್ದೀರಿ. ಕ್ಯಾಮೆರಾದ ಜೊತೆ ಮಸುಕೂ ತಿರುಗಿ ಗೋಡೆಯ ಇನ್ನೊಂದು ಪಕ್ಕಕ್ಕೆ ಹೋಗಿದ್ದರೆ ದೋಷ ಸಲಕರಣೆಯದು. ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ ಲೆನ್ಸು ಪರೀಕ್ಷಿಸುವವರನ್ನು ನೋಡಿದ್ದೇನೆ. ಕೆತ್ತನೆಯ ವಿವರ ಬೇಕಾದಷ್ಟಿದೆ ನಿಜ, ಆದರೆ ಅದು ನಕ್ಷತ್ರಾಕಾರದ ಗೋಡೆ, ಅಡಿಗಡಿಗೆ ಒಳಹೋಗಿ ಹೊರಬರುತ್ತದೆ. ಚಪ್ಪಟೆ ಎಂಬುದೇ ಅಲ್ಲಿಲ್ಲ.

ಪರೀಕ್ಷೆ ಮೂರು: ಅರಮನೆಯ ದೀಪ

ಮೈಸೂರಿನವರಿಗೆ ಪುಕ್ಕಟೆಯಾಗಿ ಸಿಗುವ ಪ್ರಯೋಗಶಾಲೆ ಇದು. ಭಾನುವಾರ ಸಂಜೆ ಅಂಬಾವಿಲಾಸ ಅರಮನೆಗೆ ದೀಪ ಹಾಕಿದಾಗ ಲಕ್ಷದ ಹತ್ತಿರ ಬಲ್ಬುಗಳು ಉರಿಯುತ್ತವೆ. ಪ್ರತಿಯೊಂದು ಬಲ್ಬೂ ಕಪ್ಪು ಹಿನ್ನೆಲೆಯಲ್ಲಿ ಒಂದು ಬೆಳಕಿನ ಚುಕ್ಕೆ, ಮಸುಕಿನ ಆಕಾರವನ್ನು ಬಿಡಿಸಿ ತೋರಿಸುತ್ತದೆ. ಸಾಲುಬಲ್ಬು ಫ್ರೇಮಿನ ಮೂಲೆಗೆ ಬರುವಂತೆ ನಿಂತು, ಅಪರ್ಚರ್ ತೆರೆದು, ಬಲ್ಬು ಉರಿದು ಬೆಳ್ಳಗಾಗದಷ್ಟು ಎಕ್ಸ್‌ಪೋಷರ್ ಕಡಿಮೆ ಮಾಡಿ.

ಮೂಲೆಯ ಬಲ್ಬು ದುಂಡಗೆ ಊದಿಕೊಂಡ ತಟ್ಟೆಯಾಗಿದ್ದರೆ ಬರೀ ಫೋಕಸ್ ತಪ್ಪಿದ್ದು, ಬಾಗಿನ ಲಕ್ಷಣ. ಬಲ್ಬು ಗೆರೆಯಾಗಿ ಎಳೆದಿದ್ದರೆ ಫೋಕಸನ್ನು ನಿಧಾನವಾಗಿ ಆಚೀಚೆ ಮಾಡಿ: ಒಂದು ಕಡೆ ಮೂಲೆಯತ್ತ ಎಳೆದ ಗೆರೆ, ಇನ್ನೊಂದು ಕಡೆ ಅದಕ್ಕೆ ಅಡ್ಡ ಗೆರೆ ಆಗುತ್ತಿದ್ದರೆ ಅಸ್ಟಿಗ್ಮ್ಯಾಟಿಸಂ. ಒಂದು ತುದಿ ಚೂಪು, ಇನ್ನೊಂದು ತುದಿ ರೆಕ್ಕೆ ಬಿಚ್ಚಿದ ಹಾಗೆ ಹರಡಿದ್ದು, ಫೋಕಸ್ ಎಷ್ಟು ತಿರುಗಿಸಿದರೂ ಹೋಗದಿದ್ದರೆ ಕೋಮಾ. ಅಪರ್ಚರ್ ಎರಡು ಸ್ಟಾಪ್ (ಎಫ್/2.8 ಇದ್ದದ್ದನ್ನು ಎಫ್/5.6ಕ್ಕೆ) ಮುಚ್ಚಿದರೆ ಬಹಳ ಮಟ್ಟಿಗೆ ಇಳಿಯುತ್ತದೆ. ನಡುವಿನ ಬಲ್ಬಿಗೇ ಒಂದು ಪಕ್ಕಕ್ಕೆ ಬಾಲ ಬಂದಿದ್ದರೆ ಅದು ಯಾವ ಸಹಜ ಗುಣವೂ ಅಲ್ಲ. ಗಾಜು ಸರಿದಿದೆ.

ಗೊತ್ತಾದ ಮೇಲೆ ಏನು ಮಾಡುವುದು

ಒಳಬಾಗಿನ ಲೆನ್ಸಿನಲ್ಲಿ ದೂರದ ದೃಶ್ಯ ತೆಗೆಯುವಾಗ ಫೋಕಸ್ ಬಿಂದುವನ್ನು ನಡುವೆ ಇಡಬೇಡಿ. ನಡುವಿಗೂ ಮೂಲೆಗೂ ಅರ್ಧದಾರಿಯಲ್ಲಿ ಇಟ್ಟು ಅಲ್ಲಿನ ದೂರದ ವಸ್ತುವಿಗೆ ಫೋಕಸ್ ಮಾಡಿ, ಎಫ್/8 ಅಥವಾ ಎಫ್/11ಕ್ಕೆ ಹಾಕಿ. ನಡುಭಾಗ ಸ್ವಲ್ಪ ಅನಂತದಾಚೆ ಹೋಗುತ್ತದೆ, ಡೆಪ್ತ್ ಅದನ್ನು ಹಿಡಿದುಕೊಳ್ಳುತ್ತದೆ. ಹೊರಬಾಗಿನ ಲೆನ್ಸಿಗೆ ಲೆಕ್ಕ ತಿರುಗಾಮುರುಗಾ: ನಡುವೆ ಅನಂತಕ್ಕೆ ಹಾಕಿದರೆ ಮೂಲೆ ಅನಂತದಾಚೆ ಹೋಗಿ ಯಾವುದಕ್ಕೂ ಸಿಗುವುದಿಲ್ಲ, ಸ್ವಲ್ಪ ಹತ್ತಿರಕ್ಕೆ ಫೋಕಸ್ ಮಾಡಿದರೆ ಮೂಲೆ ತಾನಾಗಿ ದೂರಕ್ಕೆ ಕೂರುತ್ತದೆ.

ಅಪರ್ಚರ್ ಇನ್ನೂ ಮುಚ್ಚಿದರೆ ಇನ್ನೂ ಒಳ್ಳೆಯದಲ್ಲವೆ ಎಂದರೆ, ಅಲ್ಲ. ಕಿಂಡಿ ತೀರ ಕಿರಿದಾದರೆ ಬೆಳಕು ಅದರ ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಇದೇ ಡಿಫ್ರಾಕ್ಷನ್. ಡಿಫ್ರಾಕ್ಷನ್‌ನಿಂದ ಮೂಡುವ ಚುಕ್ಕೆಯ ಅಗಲ ಎಫ್/8ರಲ್ಲಿ ಸುಮಾರು 0.011 ಮಿ.ಮೀ., ಎಫ್/16ರಲ್ಲಿ 0.021, ಎಫ್/22ರಲ್ಲಿ ಹತ್ತಿರಹತ್ತಿರ 0.03. ಎಫ್/22ಕ್ಕೆ ಹೋದರೆ ಮೂಲೆಗೆ ಇದ್ದ ಮಸುಕನ್ನು ಇಡೀ ಫ್ರೇಮಿಗೆ ಹಂಚಿದಂತಾಗುತ್ತದೆ.

ಬಾಗು ಉಪಕಾರಕ್ಕೆ ಬರುವ ಕಡೆಗಳೂ ಇವೆ. ಕಾಲಬುಡದಲ್ಲಿ ಭತ್ತದ ತೆನೆ, ದೂರದಲ್ಲಿ ಕರಿಘಟ್ಟದ ಗುಡ್ಡ ಇರುವಂಥ ಚಿತ್ರದಲ್ಲಿ ಒಳಬಾಗು ಕೆಳಮೂಲೆಯ ತೆನೆಗಳನ್ನು ತಾನಾಗಿ ಶಾರ್ಪ್ ಮಾಡಿಕೊಡುತ್ತದೆ. ಮೇಲಿನ ಮೂಲೆಗಳಲ್ಲಿ ಆಕಾಶ ತಾನೆ, ಹೇಗಿದ್ದರೇನು. ಸೋಮನಾಥಪುರದ ನವರಂಗದಲ್ಲಿ ಅಂಗಾತ ಮಲಗಿ ಭುವನೇಶ್ವರಿ ತೆಗೆಯುವಾಗಲೂ ಹಾಗೆಯೇ. ಆ ಛಾವಣಿಗಳು ನಡುವೆ ಆಳಕ್ಕೆ ಹೋಗಿ ಸುತ್ತಲ ಅಂಚು ನಮ್ಮ ಹತ್ತಿರ ಇರುತ್ತವೆ, ಲೆನ್ಸಿನ ಬಾಗೂ ಅದೇ ದಿಕ್ಕಿನದು. ನಡುವಿನಿಂದ ಇಳಿಬಿದ್ದ ಬಾಳೆಮೊಗ್ಗು ಇದ್ದರೆ ಮಾತ್ರ ಎಚ್ಚರ, ಆಟೋಫೋಕಸ್ ಅದರ ತುದಿಗೆ ಹಿಡಿದು ಅಂಚನ್ನು ಕೆಡಿಸುತ್ತದೆ. ಮೊಗ್ಗು ಬಿಟ್ಟು ಪಕ್ಕದ ಕೆತ್ತನೆಗೆ ಫೋಕಸ್ ಮಾಡಿ. ಅದೇ ದೇವಾಲಯದ ಹೊರಗಡೆ, ಜಗುಲಿಯ ಮೂಲೆಯೊಂದು ಕ್ಯಾಮೆರಾದ ಕಡೆ ಚಾಚಿಕೊಂಡು ಎರಡೂ ಪಕ್ಕ ಹಿಂದೆ ಸರಿಯುವ ದೃಶ್ಯದಲ್ಲಿ ಬಾಗೂ ಕಟ್ಟಡವೂ ಎದುರುಬದುರು ದಿಕ್ಕು. ಅಲ್ಲಿ ಎಫ್/11ಕ್ಕೂ ಆಗದಿದ್ದರೆ ನಡುವಿಗೊಂದು, ಅಂಚುಗಳಿಗೊಂದು ಎಂದು ಬೇರೆ ಬೇರೆ ಫೋಕಸಿನಲ್ಲಿ ತೆಗೆದು ಜೋಡಿಸುವುದೇ ದಾರಿ.

ಛತ್ರದ ಗ್ರೂಪ್ ಫೋಟೋ ಮಾತು ಬೇರೆ, ಅಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಸ್ಟೇಜಿನ ಮೇಲೆ ಎರಡು ಕಡೆಯ ನೆಂಟರು ನೇರ ಸಾಲಿನಲ್ಲಿ, ಕ್ಯಾಮೆರಾದಿಂದ 4 ಮೀಟರ್ ಆಳಕ್ಕೆ ನಿಂತಿದ್ದಾರೆ, 24 ಮಿ.ಮೀ., ಎಫ್/2.8. ಮೇಲಿನ 0.1 ಮಿ.ಮೀ. ಬಾಗೇ ಇದ್ದರೆ ತುದಿಯ ಬೀಗರ ಮೇಲೆ ಆರು ಪಿಕ್ಸೆಲ್ ಮಸುಕು. ತುದಿಯವರನ್ನು ಎರಡು ಹೆಜ್ಜೆ ಮುಂದೆ ಕರೆದು ಸಾಲನ್ನು ಕಮಾನಾಗಿಸಿ ಎಫ್/5.6 ಮಾಡಿದರೆ ಎರಡು ಪಿಕ್ಸೆಲ್‌ಗೆ ಇಳಿಯುತ್ತದೆ. ಬೆಲೆಯಾಗಿ ಅವರ ಮುಖ ಇನ್ನಷ್ಟು ಅಗಲವಾಗುತ್ತದೆ. ಜಾಗವಿದ್ದರೆ ನಾನು ಹಿಂದೆ ಸರಿದು 35 ಮಿ.ಮೀ. ಹಾಕುತ್ತೇನೆ, ಅದೇ ಸರಿ.

ನಡುವಿನ ಬಿಂದುವಿನಲ್ಲಿ ಮದುಮಗಳಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಅವಳನ್ನು ಅಂಚಿಗೆ ತರುವ ಅಭ್ಯಾಸ ಹಲವರಿಗಿದೆ. 3 ಮೀಟರಿಗೆ ಫೋಕಸ್ ಮಾಡಿ 30 ಡಿಗ್ರಿ ತಿರುಗಿಸಿದರೆ ಅವಳ ಆಳ 2.6 ಮೀಟರಿಗೆ ಇಳಿದು ಫೋಕಸ್ ಅವಳ ಹಿಂದೆ ಬೀಳುತ್ತದೆ. 24 ಮಿ.ಮೀ. ಎಫ್/1.4ರಲ್ಲಿ ಇದು ಮೂರು ನಾಲ್ಕು ಪಿಕ್ಸೆಲ್ ಮಸುಕು. ಮಜಾ ಏನೆಂದರೆ ಒಳಬಾಗಿನ ಲೆನ್ಸು ಅಂಚಿನ ಫೋಕಸನ್ನು ಹತ್ತಿರಕ್ಕೆ ತರುವುದರಿಂದ ಈ ತಪ್ಪನ್ನು ಅಷ್ಟೋ ಇಷ್ಟೋ ಮುಚ್ಚಿಬಿಡುತ್ತದೆ. ಹಳೆಯ ಲೆನ್ಸಿನಲ್ಲಿ ವರ್ಷಗಟ್ಟಲೆ ಹೀಗೆ ತೆಗೆದು ಹೊಸ, ಚಪ್ಪಟೆ ಫೋಕಸಿನ ಲೆನ್ಸು ಕೊಂಡವರು ಹೊಸದೇ ಕೆಟ್ಟಿದೆ ಎಂದು ತರುವುದು ಇದಕ್ಕೇ. ಅಂಚಿನ ಆಟೋಫೋಕಸ್ ಬಿಂದುವನ್ನೇ ಆರಿಸಿಕೊಂಡರೆ ಗೋಳು ತಪ್ಪುತ್ತದೆ.

ಮೈಸೂರು ಶೈಲಿಯ ಚಿತ್ರಪಟಗಳನ್ನು ಕಾಪಿ ಮಾಡಿಕೊಡುವವರು ವೈಡ್ ಲೆನ್ಸು ಮುಟ್ಟಲೇಬಾರದು. ಚಪ್ಪಟೆ ಪಟಕ್ಕೆ ಚಪ್ಪಟೆ ಫೋಕಸಿನ ಮ್ಯಾಕ್ರೋ ಲೆನ್ಸು ಇದೆ.

ಸರ್ವೀಸಿಗೆ ಕೊಡುವ ಮುಂಚೆ

ನಾಲ್ಕು ಮೂಲೆಯೂ ಒಂದೇ ಸಮ ಇದ್ದರೆ ಕೊಡಬೇಡಿ, ಹಣ ಮತ್ತು ದಿನ ಎರಡೂ ದಂಡ. ಒಂದು ಪಕ್ಕ ಅಥವಾ ಒಂದು ಮೂಲೆ ಮಾತ್ರ ಕೆಟ್ಟಿದ್ದು, ಬೇರೆ ಕ್ಯಾಮೆರಾ ಬಾಡಿಯ ಮೇಲೆ ಹಾಕಿದಾಗಲೂ ಅದೇ ಮೂಲೆ ಕೆಟ್ಟರೆ ಲೆನ್ಸು ಕೊಡಿ. ಬೇರೆ ಬಾಡಿಯಲ್ಲಿ ಸರಿಹೋದರೆ ನಿಮ್ಮ ಬಾಡಿಯ ಮೌಂಟೋ ಸೆನ್ಸರೋ ಓರೆಯಾಗಿದೆ. ಗಾಜಿನ ಗುಂಪುಗಳನ್ನು ಸಾಲಿಗೆ ತರುವುದು ಅಳತೆಯ ಯಂತ್ರವಿರುವ ಕಡೆ ಮಾತ್ರ ಆಗುವ ಕೆಲಸ, ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ಬಿಚ್ಚಿದರೆ ಮುಂದೆ ಯಾರೂ ಮುಟ್ಟುವುದಿಲ್ಲ. ಕೌಂಟರಿನಲ್ಲಿ ಒಂದೇ ಚಿತ್ರ ತೋರಿಸಿದರೆ ವೈಡ್ ಲೆನ್ಸು ಎಂದರೆ ಹೀಗೇ ಎಂದು ವಾಪಸ್ ಕೊಡುತ್ತಾರೆ. ಟವರ್ ಪರೀಕ್ಷೆಯ ಐದು ರಾ ಫೈಲ್, ಮೂಲೆಗೇ ಹೊಸದಾಗಿ ಫೋಕಸ್ ಮಾಡಿದ ನಾಲ್ಕು, ತಲೆಕೆಳಗಿನ ಜೋಡಿ, ಎಲ್ಲವನ್ನೂ ಒಂದೇ ಅಪರ್ಚರಿನಲ್ಲಿ ತೆಗೆದು, ಫೈಲ್ ಹೆಸರಿನಲ್ಲೇ ಯಾವ ಮೂಲೆ ಎಂದು ಬರೆದು ಪೆನ್‌ಡ್ರೈವಿನಲ್ಲಿ ಕೊಡಿ. ಜೂಮ್ ಆದರೆ ಯಾವ ಫೋಕಲ್ ಲೆಂಗ್ತಿನಲ್ಲಿ ದೋಷ ಹೆಚ್ಚು ಎಂಬುದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ.

ಸೆಕೆಂಡ್ ಹ್ಯಾಂಡ್ ಲೆನ್ಸು ಕೊಳ್ಳುವಾಗಲೂ ಟವರ್ ಪರೀಕ್ಷೆ ಸಾಕು. ಅಂಗಡಿ ಬಾಗಿಲಲ್ಲೇ ನಿಂತು ರಸ್ತೆಯ ಕೊನೆಯ ಬೋರ್ಡಿಗೆ ಮಾಡಬಹುದು, ಮಾರುವವರು ಬೇಡ ಎನ್ನುವುದಾದರೆ ಬೇರೆ ಲೆನ್ಸು ನೋಡಿ.